ಶಾಸ್ತ್ರದಾನವೂ ಊರಿನ ಸರಕಾರಿ ಶಾಲೆಯೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಹೆಸರನ್ನು ಬಾಯಿಪಾಠವಾಗಿ ಹೇಳಬಲ್ಲ ಮಕ್ಕಳು ಇಂದಿಗೂ ಜೈನ ಮನೆಗಳಲ್ಲಿದ್ದಾರೆ. ದಶಲಕ್ಷಣ ಪರ್ವದ ಪ್ರವಚನಗಳಲ್ಲಿ ಉತ್ತಮ ತ್ಯಾಗದ ದಿನ ಈ ನಾಲ್ಕರ ವಿವರಣೆ ತಪ್ಪುವುದಿಲ್ಲ. ಆದರೆ ಹೇಳುವುದಕ್ಕೂ ನಡೆಯುವುದಕ್ಕೂ ನಡುವಿನ ಅಂತರ ಶಾಸ್ತ್ರದಾನದ ವಿಷಯದಲ್ಲಿ ಬೆಳೆದಷ್ಟು ಬೇರೆ ಯಾವ ದಾನದಲ್ಲಿಯೂ ಬೆಳೆದಿಲ್ಲ. ಹಸಿದವನಿಗೆ ಅನ್ನವಿಡುವಾಗ ಅವನು ಉಂಡನೇ ಎಂದು ನೋಡುತ್ತಾರೆ. ರೋಗಿಗೆ ಔಷಧ ಕೊಡುವಾಗ ಅವನು ಗುಣವಾದನೇ ಎಂದು ವಿಚಾರಿಸುತ್ತಾರೆ. ಶಾಸ್ತ್ರದಾನವೆಂಬ ಹೆಸರಿನಲ್ಲಿ ನೋಟುಪುಸ್ತಕ ಕೊಡುವವರು ಮಾತ್ರ, ಪಡೆದ ಮಗು ಅದರಲ್ಲಿ ಏನನ್ನಾದರೂ ಬರೆಯಬಲ್ಲುದೇ ಎಂದು ಕೇಳುವುದಿಲ್ಲ.

ಜೂನ್ ತಿಂಗಳು ಬಂದಿತೆಂದರೆ ಅನೇಕ ಊರುಗಳಲ್ಲಿ ಒಂದೇ ಬಗೆಯ ಸಮಾರಂಭ ನಡೆಯುತ್ತದೆ. ಸರಕಾರಿ ಶಾಲೆಯ ಮಕ್ಕಳನ್ನು ಸಾಲಾಗಿ ಕೂಡಿಸಲಾಗುತ್ತದೆ. ಗಣ್ಯರು ವೇದಿಕೆಯ ಮೇಲೆ ಕೂಡುತ್ತಾರೆ. ಹಾರ, ಶಾಲು, ಸ್ಮರಣಿಕೆಗಳು ಹಿರಿಯರಿಂದ ಹಿರಿಯರಿಗೇ ಸಲ್ಲುತ್ತವೆ. ದಾನಿಗಳ ಹೆಸರು, ಕೆಲವೊಮ್ಮೆ ಭಾವಚಿತ್ರವೂ, ಮುದ್ರಿತವಾದ ನೋಟುಪುಸ್ತಕಗಳು ಮಕ್ಕಳ ಕೈ ಸೇರುತ್ತವೆ. ಮರುದಿನ ಪತ್ರಿಕೆಯಲ್ಲಿ ಚಿತ್ರ ಪ್ರಕಟವಾಗುತ್ತದೆ. ಆ ನಂತರ ಮುಂದಿನ ಜೂನ್‌ವರೆಗೆ ಆ ದಾನಿಗಳಲ್ಲಿ ಯಾರೊಬ್ಬರೂ ಶಾಲೆಯ ಹೊಸ್ತಿಲು ತುಳಿಯುವುದಿಲ್ಲ. ಇದರಲ್ಲಿ ದುರುದ್ದೇಶವಿಲ್ಲ, ಕೊಟ್ಟ ವಸ್ತು ನಿರುಪಯುಕ್ತವೂ ಅಲ್ಲ. ಆದರೆ ಇದನ್ನೇ ಶಾಸ್ತ್ರದಾನವೆಂದು ಕರೆದು ತೃಪ್ತಿಪಡುವುದು ಆತ್ಮವಂಚನೆ. ಅದು ಕಾಗದದ ದಾನ, ಜ್ಞಾನದ ದಾನವಲ್ಲ.

ದಾನವೆಂದರೇನು ಎಂಬ ಪ್ರಶ್ನೆಗೆ ಆಚಾರ್ಯರ ಉತ್ತರ ಸ್ಪಷ್ಟವಾಗಿದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದೇ ದಾನವೆಂದು ನಿರೂಪಿಸಿ, ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವವನು, ಪಡೆಯುವವನು ಈ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ವಿಶೇಷವುಂಟಾಗುವುದೆಂದು ಹೇಳುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ನಾಲ್ಕನೆಯ ಶಿಕ್ಷಾವ್ರತಕ್ಕೆ ವೈಯಾವೃತ್ಯವೆಂಬ ಹೆಸರನ್ನೇ ಕೊಟ್ಟರು. ಸಂಯಮಿಗಳ ಕಷ್ಟವನ್ನು ಪರಿಹರಿಸುವುದು, ಅವರ ಪಾದಗಳನ್ನು ಒತ್ತುವುದು ಮೊದಲಾದ ಶರೀರಸೇವೆಯೂ ಅವರ ದೃಷ್ಟಿಯಲ್ಲಿ ಆ ವ್ರತದ ಅಂಗ. ಆ ವ್ರತದ ಮುಖ್ಯ ಪಾತ್ರರು ತಪಸ್ವಿಗಳು ಎಂಬುದು ನಿಜ. ಶಾಲೆಯ ಮಗುವನ್ನು ಮುನಿಗೆ ಸಮನಾಗಿಸುವ ಅಗತ್ಯ ಇಲ್ಲಿಲ್ಲ. ಗಮನಿಸಬೇಕಾದುದು ಇಷ್ಟು: ದಾನವನ್ನು ಆಚಾರ್ಯರು ಕೈಯಿಂದಲೂ ಕಾಲದಿಂದಲೂ ಮಾಡತಕ್ಕ ಕೆಲಸವೆಂದು ತಿಳಿದಿದ್ದರು, ಕೇವಲ ಕೋಶದಿಂದ ಮಾಡತಕ್ಕದ್ದೆಂದಲ್ಲ.

ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಎತ್ತದ ಜೈನ ಮಹಿಳಾ ಸಮಾವೇಶವಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಆ ಮಹಾತಾಯಿಯ ಕಾರ್ಯ ಹತ್ತನೆಯ ಶತಮಾನದಲ್ಲಿ ಅದ್ಭುತವಾದುದು. ಆದರೆ ಆ ಸಾವಿರ ಓಲೆಗರಿಯ ಪ್ರತಿಗಳಿಗೆ ಅರ್ಥ ಬಂದದ್ದು ಅವುಗಳನ್ನು ಓದಬಲ್ಲವರು ಇದ್ದುದರಿಂದ. ಇಂದು ಪುಸ್ತಕಕ್ಕೆ ಬರವಿಲ್ಲ. ಸರಕಾರವೇ ಪಠ್ಯಪುಸ್ತಕಗಳನ್ನು ಉಚಿತವಾಗಿ ಕೊಡುತ್ತದೆ. ಬರವಿರುವುದು ಪುಸ್ತಕವನ್ನು ಓದಬಲ್ಲ ಮಗುವಿಗೆ. ಬರ ಎಲ್ಲಿದೆಯೋ ಅಲ್ಲಿ ದಾನ ಸಲ್ಲಬೇಕು.

ಆ ಬರದ ಪ್ರಮಾಣವನ್ನು ಅರಿಯಲು ಒಂದು ಅಂಕಿ ಸಾಕು. 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯ 2024ರ ವರದಿಯಂತೆ, ಗ್ರಾಮೀಣ ಭಾರತದ ಸರಕಾರಿ ಶಾಲೆಗಳ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು ನೂರಕ್ಕೆ ಸುಮಾರು 45 ಮಂದಿ ಮಾತ್ರ. ಉಳಿದವರು ದಡ್ಡರೇನಲ್ಲ. ಅಕ್ಷರ ಕೂಡಿಸುವ ಹಂತದಲ್ಲಿ ಪಕ್ಕದಲ್ಲಿ ಕೂತು ಕೇಳುವ ಹಿರಿಯರೊಬ್ಬರು ಅವರಿಗೆ ದೊರೆಯಲಿಲ್ಲ, ಅಷ್ಟೇ.

ಶಿಕ್ಷಕರನ್ನು ದೂರುವುದು ಸುಲಭ. ಆದರೆ ಅವರ ಪರಿಸ್ಥಿತಿಯನ್ನು ನೋಡಿದವರಿಗೆ ದೂರುವ ನಾಲಿಗೆ ಏಳದು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು, ತರಗತಿಗಳು ಐದು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಮೊದಲ ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂತು, ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತಾರೆ. ಪದ್ಧತಿ ಒಳ್ಳೆಯದು. ಆದರೆ ಒಬ್ಬ ಶಿಕ್ಷಕಿ ಒಂದು ಗುಂಪಿಗೆ ಕಲಿಸುತ್ತಿರುವಾಗ ಇನ್ನೊಂದು ಗುಂಪು ತಾನಾಗಿ ಅಭ್ಯಾಸ ಮಾಡಬೇಕು. ತಡವರಿಸುವ ಮಗು ಅಲ್ಲಿಯೇ ಹಿಂದುಳಿಯುತ್ತದೆ. ಇದರ ಮೇಲೆ ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ದಾಖಲೆಗಳು, ತರಬೇತಿಗಳು, ಚುನಾವಣೆ, ಗಣತಿ. ಇಬ್ಬರಲ್ಲಿ ಒಬ್ಬರು ರಜೆಯ ಮೇಲಿದ್ದ ದಿನ ಐದೂ ತರಗತಿಗಳು ಒಬ್ಬರ ಹೆಗಲಿಗೆ. ಇಂಥ ಕೋಣೆಗೆ ಓದುಬರಹ ಬಲ್ಲ, ತಾಳ್ಮೆಯುಳ್ಳ ಒಬ್ಬ ಹಿರಿಯರು ವಾರಕ್ಕೆ ಒಂದು ಗಂಟೆ ಬಂದು, ನಾಲ್ಕು ಮಕ್ಕಳನ್ನು ಒಂದು ಮೂಲೆಯಲ್ಲಿ ಕೂಡಿಸಿಕೊಂಡು ಓದಿಸಿದರೆ ಆಗುವ ಉಪಕಾರವನ್ನು ನೂರು ನೋಟುಪುಸ್ತಕಗಳು ಮಾಡಲಾರವು.

2001ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ನೂರಕ್ಕೆ 64.8 ಇದ್ದಾಗ ಜೈನರ ಸಾಕ್ಷರತೆ 94.1 ಇದ್ದಿತು, ಧಾರ್ಮಿಕ ಸಮುದಾಯಗಳಲ್ಲೆಲ್ಲ ಅದೇ ಅತ್ಯಧಿಕ. ಸಭೆಗಳಲ್ಲಿ ಈ ಅಂಕಿಯನ್ನು ಹೆಮ್ಮೆಯಿಂದ ಹೇಳುವವರುಂಟು. ಆದರೆ ಅಪರಿಗ್ರಹವನ್ನು ವ್ರತವಾಗಿ ಸ್ವೀಕರಿಸಿದ ಸಮಾಜಕ್ಕೆ ಈ ಅಂಕಿ ಹೆಮ್ಮೆಗಿಂತ ಹೆಚ್ಚಾಗಿ ಹೊಣೆಯನ್ನು ತರಬೇಕು. ಅಗತ್ಯಕ್ಕಿಂತ ಹೆಚ್ಚಿನ ಧಾನ್ಯವನ್ನು ಕಣಜದಲ್ಲಿ ಕೂಡಿಡುವುದು ಪರಿಗ್ರಹವಾದರೆ, ಬೀದಿಯಾಚೆಯ ಮಗು ಅಕ್ಷರಕ್ಕಾಗಿ ತಡಕಾಡುತ್ತಿರುವಾಗ ಅಕ್ಷರವನ್ನು ಮನೆಯೊಳಗೇ ಕೂಡಿಟ್ಟುಕೊಳ್ಳುವುದು ಏನೆಂದು ಕರೆಸಿಕೊಳ್ಳಬೇಕು? ಧಾನ್ಯ ಕೊಟ್ಟರೆ ಕಡಿಮೆಯಾದೀತು. ಅಕ್ಷರ ಕೊಟ್ಟರೆ ಕಡಿಮೆಯಾಗುವುದೂ ಇಲ್ಲ.

ಇದಕ್ಕೆ ಎದುರಾಗಿ ಕೇಳಿಬರುವ ಮಾತುಗಳು ಕೆಲವಿವೆ. ಅವನ್ನು ಒಂದೊಂದಾಗಿ ಪರಿಶೀಲಿಸುವುದು ಯುಕ್ತ.

ಮೊದಲನೆಯದು, ಶಾಲೆ ನಡೆಸುವುದು ಸರಕಾರದ ಕರ್ತವ್ಯ. ಅದಕ್ಕಾಗಿಯೇ ತೆರಿಗೆ ಕೊಡಲಾಗುತ್ತಿದೆ ಎಂಬ ಮಾತು. ಕರ್ತವ್ಯ ಸರಕಾರದ್ದೇ, 2002ರ ಸಂವಿಧಾನ ತಿದ್ದುಪಡಿ ಅದನ್ನು ಮೂಲಭೂತ ಹಕ್ಕಾಗಿಯೇ ಮಾಡಿದೆ. ಆದರೆ ಕಾನೂನು ಶಾಲೆಯನ್ನು ಸರಕಾರಕ್ಕೆ ಮಾತ್ರ ಒಪ್ಪಿಸಿ ಕೈತೊಳೆದುಕೊಂಡಿಲ್ಲ. ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾಗಿವೆ. 2009ರ ಕಾಯಿದೆ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ತಂದೆತಾಯಿಗಳೋ ಪೋಷಕರೋ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ವಿಧಿಸಿ, ಶಾಲೆಯ ಕಾರ್ಯವನ್ನು ಗಮನಿಸುವ, ಅಭಿವೃದ್ಧಿ ಯೋಜನೆ ಸಿದ್ಧಪಡಿಸುವ, ಅನುದಾನದ ವೆಚ್ಚವನ್ನು ನೋಡುವ ಅಧಿಕಾರವನ್ನು ಅದಕ್ಕೆ ಕೊಟ್ಟಿದೆ. ಕೂಲಿಗೆ ಹೋಗುವ ತಾಯಿ ಈ ಸಮಿತಿಯ ಸದಸ್ಯೆಯಾಗಿದ್ದಾಳೆ. ಆದರೆ ನಡಾವಳಿಯನ್ನು ಓದಲಾರದೆ ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ. ಆಕೆಗೆ ನಡಾವಳಿಯನ್ನು ಓದಿ ಹೇಳುವ, ಅನುದಾನದ ಲೆಕ್ಕವನ್ನು ಬಿಡಿಸಿ ತೋರಿಸುವ ಒಬ್ಬ ನಿವೃತ್ತ ಗುಮಾಸ್ತನಿದ್ದರೆ ಸರಕಾರ ತನ್ನ ಕರ್ತವ್ಯವನ್ನು ಹೆಚ್ಚು ಮಾಡೀತೇ ಹೊರತು ಕಡಿಮೆ ಮಾಡಲಾರದು. ಸ್ವಯಂಸೇವಕನು ಶಿಕ್ಷಕನ ಬದಲಿಯಲ್ಲ. ಖಾಲಿ ಹುದ್ದೆಯನ್ನು ಮುಚ್ಚಿಡುವ ಪರದೆಯೂ ಅಲ್ಲ. ಖಾಲಿ ಹುದ್ದೆಯನ್ನು ಕಣ್ಣಾರೆ ಕಂಡು, ಅದನ್ನು ತುಂಬಿರೆಂದು ಪೋಷಕರೊಡನೆ ನಿಂತು ಕೇಳಬಲ್ಲ ಸಾಕ್ಷಿ ಅವನು. ಶಾಲೆಯೊಳಗೆ ಕಾಲಿಡದವನ ಟೀಕೆಗೆ ಆ ಬಲವಿರುವುದಿಲ್ಲ.

ಎರಡನೆಯದು, ಜೈನ ಸಮಾಜ ಈಗಾಗಲೇ ಶಾಲೆ, ಕಾಲೇಜು, ವಿದ್ಯಾರ್ಥಿನಿಲಯಗಳನ್ನು ನಡೆಸುತ್ತಿದೆ. ಅದು ಸಾಲದೇ ಎಂಬ ಪ್ರಶ್ನೆ. ಆ ಸಂಸ್ಥೆಗಳ ಸೇವೆ ದೊಡ್ಡದು. ಆದರೆ 2014ರಲ್ಲಿ ನಡೆದ ಎರಡು ಸಂಗತಿಗಳನ್ನು ಇಲ್ಲಿ ನೆನೆಯಬೇಕು. ಆ ವರ್ಷದ ಜನವರಿಯಲ್ಲಿ ಕೇಂದ್ರ ಸರಕಾರ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿತು. ಅದೇ ವರ್ಷ ಮೇ 6ರಂದು ಸುಪ್ರೀಂ ಕೋರ್ಟು ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. ಇದರಿಂದ, ಖಾಸಗಿ ಶಾಲೆಗಳು ನೂರಕ್ಕೆ 25 ಸ್ಥಾನಗಳನ್ನು ಬಡ ಮಕ್ಕಳಿಗೆ ಮೀಸಲಿಡಬೇಕೆಂಬ ನಿಯಮದಿಂದ ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಬಿಡುಗಡೆ ದೊರೆಯಿತು. ಆ ತೀರ್ಪನ್ನು ಪುನಃ ಪರಿಶೀಲಿಸಬೇಕೆಂದು ಅದೇ ನ್ಯಾಯಾಲಯದ ಇನ್ನೊಂದು ಪೀಠ 2025ರಲ್ಲಿ ಅಭಿಪ್ರಾಯಪಟ್ಟಿತು. ನ್ಯಾಯಾಲಯ ಕೊನೆಗೆ ಏನನ್ನಾದರೂ ಹೇಳಲಿ; ಕಾನೂನಿನ ಹೊಣೆ ತಪ್ಪಿದ ಕಡೆ ಧರ್ಮದ ಹೊಣೆ ಇಮ್ಮಡಿಯಾಗುತ್ತದೆಂಬುದನ್ನು ಶ್ರಾವಕರಿಗೆ ನ್ಯಾಯಾಲಯ ಹೇಳಿಕೊಡಬೇಕಾಗಿಲ್ಲ. ತನ್ನ ಶಾಲೆಯ ಬಾಗಿಲನ್ನು ತೆರೆಯದಿರುವ ಅವಕಾಶ ಪಡೆದ ಸಮಾಜ, ಬಾಗಿಲ ಹೊರಗುಳಿದ ಮಗು ಎಲ್ಲಿ ಕಲಿಯುತ್ತಿದೆ ಎಂದಾದರೂ ಹೋಗಿ ನೋಡಬೇಡವೇ?

ಈ ವಿಷಯದಲ್ಲಿ ಮೇಲ್ಪಂಕ್ತಿಯಿಲ್ಲದೆ ಇಲ್ಲ. 1887ರಲ್ಲಿ ಕೊಲ್ಲಾಪುರ ಸೀಮೆಯ ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದಾಗ ಜೈನ ಮಕ್ಕಳಿಗೆಂದು ಮಾತ್ರ ಸ್ಥಾಪಿಸಲಿಲ್ಲ. 1924ರಲ್ಲಿ ಸಾತಾರೆಯಲ್ಲಿ ತೆರೆದ ಅವರ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಗಳ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಂಡರು. ಹುಡುಗರ ಊಟಕ್ಕೆ ಕಷ್ಟ ಬಂದಾಗ ಅವರ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನು ಕೊಟ್ಟರು. ಅವರ ಚಿತ್ರಕ್ಕೆ ಮಾಲೆ ಹಾಕುವ ಸಮಾಜ ಅವರು ನಡೆದ ದಾರಿಯಲ್ಲಿ ವಾರಕ್ಕೊಂದು ಗಂಟೆಯ ನಡಿಗೆಯನ್ನಾದರೂ ನಡೆಯಬೇಕಾಗಿದೆ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಸೂಕ್ಷ್ಮವಾದುದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಸರಕಾರಿ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡುವ ಯೋಜನೆ ಆರಂಭವಾಯಿತು. ತಿನ್ನದವರಿಗೆ ಬಾಳೆಹಣ್ಣು ಎಂದಾಯಿತು. ಮುಂದೆ ಯೋಜನೆ ರಾಜ್ಯದ ಇತರ ಭಾಗಗಳಿಗೂ ಹಬ್ಬಿತು. ಅದನ್ನು ವಿರೋಧಿಸಿದವರಲ್ಲಿ ಜೈನ ಸಂಘಟನೆಗಳೂ ಇದ್ದವು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ತಮ್ಮ ನಂಬಿಕೆಯನ್ನು ಸರಕಾರದ ಮುಂದಿಡುವುದು ಅವರ ಹಕ್ಕು. ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ನಾಚಿಕೆಪಡತಕ್ಕ ಸಂಗತಿ ಬೇರೆಯಿದೆ. ಮಗುವಿನ ತಟ್ಟೆಯ ಬಗ್ಗೆ ಮನವಿಪತ್ರ ಬರೆದ ಕೈಗಳಲ್ಲಿ ಎಷ್ಟು ಕೈಗಳು ಅದೇ ಮಗುವಿನ ಪುಸ್ತಕವನ್ನು ಹಿಡಿದಿವೆ? ಆ ಮಗು ಬೆಳಿಗ್ಗೆ ಏನು ತಿಂದು ಬರುತ್ತದೆ, ಅದರ ತಾಯಿ ಎಷ್ಟು ಹೊತ್ತಿಗೆ ಕೂಲಿಗೆ ಹೋಗುತ್ತಾಳೆ, ಅದಕ್ಕೆ ಒತ್ತಕ್ಷರ ಬರುತ್ತದೆಯೇ ಎಂದು ತಿಳಿದವರು ಎಷ್ಟು ಮಂದಿ? ಪರಿಚಯವಿಲ್ಲದವರ ಉಪದೇಶ ಅಪ್ಪಣೆಯಂತೆ ಕೇಳಿಸುತ್ತದೆ. ವರ್ಷಗಟ್ಟಲೆ ಮಗುವಿನ ಪಕ್ಕದಲ್ಲಿ ಕೂತು ಓದಿಸಿದವರು ಕಾಳು, ಹಾಲು, ಶೇಂಗಾ, ಹಣ್ಣುಗಳನ್ನು ಸ್ವಂತ ಖರ್ಚಿನಿಂದ ತಂದಿಟ್ಟು ಇದನ್ನೂ ಉಣ್ಣಿರೆಂದು ಹೇಳಿದರೆ, ಆ ಮಾತಿಗೆ ತೂಕವಿರುತ್ತದೆ.

ಮೊಟ್ಟೆ ಕೊಡುವ ಆವರಣಕ್ಕೆ ಶ್ರಾವಕರು ಹೋಗುವುದೆಂತು ಎಂದು ಕೇಳುವವರೂ ಇದ್ದಾರೆ. ಆಸ್ಪತ್ರೆಗೆ, ರೈಲಿಗೆ, ಪೇಟೆಗೆ ಹೋಗುವವರಿಗೆ ಶಾಲೆಗೆ ಹೋಗುವುದು ಮಾತ್ರ ದೋಷವಾಗಲಾರದು. ಓದಿಸುವ ಕೆಲಸಕ್ಕೆ ಅಡುಗೆಮನೆಯ ಸಂಬಂಧವಿಲ್ಲ. ಅಹಿಂಸೆ ದೂರ ನಿಲ್ಲುವುದರಲ್ಲಿ ಮುಗಿಯುವುದಿಲ್ಲ. ಜೀವಗಳು ಪರಸ್ಪರ ಉಪಕಾರದಿಂದ ಬಾಳುತ್ತವೆ ಎಂಬ ತತ್ತ್ವವನ್ನು ಜೈನ ಪ್ರತೀಕದ ಅಡಿಯಲ್ಲಿ ಬರೆಯಿಸಿಕೊಂಡ ಸಮಾಜಕ್ಕೆ ಇದನ್ನು ವಿವರಿಸಬೇಕಾಗಿಲ್ಲ.

ನಾಲ್ಕನೆಯದು, ಕಲಿಸುವ ತರಬೇತಿಯಿಲ್ಲ, ಸಮಯವಿಲ್ಲ ಎಂಬುದು. ಮಗು ಓದುವುದನ್ನು ಕೇಳಲು, ತಪ್ಪಿದಲ್ಲಿ ಮೆಲ್ಲಗೆ ತಿದ್ದಲು, ಕತೆಯೊಂದನ್ನು ಗಟ್ಟಿಯಾಗಿ ಓದಿ ಹೇಳಲು ಬಿ.ಎಡ್. ಪದವಿ ಬೇಕಿಲ್ಲ. ಗಣಿತದಲ್ಲಿಯಂತೂ ಈ ನೆಪ ಇನ್ನೂ ಸಲ್ಲದು. ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರ ಪರಂಪರೆ ತಮ್ಮದೆಂದು ಹೇಳಿಕೊಳ್ಳುವವರು, ಅಂಗಡಿಯ ಗಲ್ಲೆಯ ಮೇಲೆ ಕೂತು ಕ್ಷಣದಲ್ಲಿ ಬಾಯಿಲೆಕ್ಕ ಮಾಡುವವರು, ಒಂಬತ್ತು ವರ್ಷದ ಮಗುವಿಗೆ ಕಳೆಯುವ ಲೆಕ್ಕವನ್ನು ಕಾಳುಗಳನ್ನಿಟ್ಟು ತೋರಿಸಲಾರರೆಂದರೆ ಯಾರು ನಂಬಬೇಕು? ಸಮಯದ ಮಾತಾದರೆ, 2011ರ ಜನಗಣತಿಯಂತೆ ಕರ್ನಾಟಕದಲ್ಲಿದ್ದ ಜೈನರು 4,40,280 ಮಂದಿ. ಇವರಲ್ಲಿ ನೂರಕ್ಕೆ ಒಬ್ಬರು ಹೊರಟರೂ 4,400 ಮಂದಿಯಾಗುತ್ತಾರೆ. ಒಬ್ಬೊಬ್ಬರು ನಾಲ್ಕು ನಾಲ್ಕು ಮಕ್ಕಳೊಡನೆ ಕೂತರೆ 17,600 ಮಕ್ಕಳು. ಉಳಿದ ತೊಂಬತ್ತೊಂಬತ್ತು ಮಂದಿಯ ವ್ಯಾಪಾರಕ್ಕೆ ಇದರಿಂದ ಯಾವ ಬಾಧಕವೂ ಇಲ್ಲ.

ಸರಕಾರಿ ಶಾಲೆ ಪರರದು ಎಂಬ ಭಾವನೆಯೂ ಪೂರ್ಣ ಸತ್ಯವಲ್ಲ. ಬೆಳಗಾವಿ, ಬಾಗಲಕೋಟೆ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಒಕ್ಕಲುತನದಿಂದ ಬಾಳುವ ಜೈನ ಕುಟುಂಬಗಳ ಮಕ್ಕಳು ಅದೇ ಶಾಲೆಗಳಲ್ಲಿ ಓದುತ್ತಿದ್ದಾರೆ. ಅವರ ತಂದೆತಾಯಿಗಳು ಕಾನೂನಿನಂತೆ ಸಮಿತಿಯ ಸದಸ್ಯತ್ವಕ್ಕೆ ಅರ್ಹರು. ಸಭೆಗೆ ಹೋಗಿ ಮಾತನಾಡುವುದು ಅವರ ಮೊದಲ ಕರ್ತವ್ಯ. ಪಟ್ಟಣದ ಜೈನರಲ್ಲಿ ಇಂದು ಹಿರಿಯರಾಗಿರುವ ಅನೇಕರು ಕೂಡ ಅಂಥ ಶಾಲೆಯ ಮಣೆಯ ಮೇಲೆಯೇ ಅಕ್ಷರ ತಿದ್ದಿದವರು. ಆ ಋಣ ನೋಟುಪುಸ್ತಕದಿಂದ ತೀರುವಂಥದಲ್ಲ.

ಹೋಗುವವರು ಹೇಗೆ ಹೋಗಬೇಕೆಂಬುದೂ ಮುಖ್ಯ. ಇದಕ್ಕೆ ಹೊಸ ನಿಯಮಾವಳಿ ಬೇಕಿಲ್ಲ; ಪಂಚಾಣುವ್ರತಗಳೇ ಸಾಕು. ಅಹಿಂಸೆಯೆಂದರೆ ಹೊಡೆಯದಿರುವುದು ಮಾತ್ರವಲ್ಲ; ದಡ್ಡನೆಂದು ಕರೆಯದಿರುವುದು, ಜಾತಿ ಕೇಳದಿರುವುದು, ಕುಡಿಯುವ ನೀರಿನಲ್ಲಿ ಭೇದವೆಣಿಸದಿರುವುದು. ಸತ್ಯವೆಂದರೆ ಹತ್ತು ದಿನ ಹೋಗಿ ವರದಿಯಲ್ಲಿ ನೂರು ದಿನವೆಂದು ಬರೆಯದಿರುವುದು. ಅಚೌರ್ಯವೆಂದರೆ ಶಿಕ್ಷಕರ ವೇಳೆಯನ್ನೂ ಅವರಿಗೆ ಸಲ್ಲಬೇಕಾದ ಶ್ರೇಯಸ್ಸನ್ನೂ ಕಸಿಯದಿರುವುದು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಅವರು ಹೇಳಿದ ಮಕ್ಕಳಿಗೆ, ಅವರು ಹೇಳಿದ ಪಾಠವನ್ನೇ ಓದಿಸುವುದು. ಬ್ರಹ್ಮಚರ್ಯದ ಶೀಲ ಇಲ್ಲಿ ಒಂದು ಕಟ್ಟುನಿಟ್ಟಾದ ಶಿಸ್ತಾಗಬೇಕು: ಸ್ವಯಂಸೇವಕರು ಯಾವ ಮಗುವಿನೊಡನೆಯೂ ಒಂಟಿಯಾಗಿ ಇರತಕ್ಕದ್ದಲ್ಲ, ಇಬ್ಬರಾಗಿ, ತೆರೆದ ಕೋಣೆಯಲ್ಲಿ, ಶಿಕ್ಷಕರ ಕಣ್ಣೆದುರಿನಲ್ಲಿ ಕೆಲಸ ಮಾಡತಕ್ಕದ್ದು. ಅಪರಿಗ್ರಹವೆಂದರೆ ಗೋಡೆಯ ಮೇಲೆ ಹೆಸರಿಲ್ಲ, ಪುಸ್ತಕದ ಮೇಲೆ ಭಾವಚಿತ್ರವಿಲ್ಲ, ವರ್ಷಾಂತ್ಯದಲ್ಲಿ ಸನ್ಮಾನವಿಲ್ಲ.

ಇನ್ನೊಂದು ಮಾತು. ಸಂಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಶ್ರಾವಕರು ಇದನ್ನು ಮನಃಪೂರ್ವಕವಾಗಿ ಪಾಲಿಸಬೇಕು. ಅಲ್ಲಿ ಅವರು ಕನ್ನಡ ಓದಿಸಲು, ಲೆಕ್ಕ ತೋರಿಸಲು ಹೋಗುವವರೇ ಹೊರತು ಪ್ರಚಾರಕ್ಕಲ್ಲ. ಬೇರೆ ಮನೆಯ, ಬೇರೆ ದೇವರ ಮಗುವನ್ನು ಅದು ಇದ್ದಂತೆಯೇ ಗೌರವಿಸುವುದಕ್ಕಿಂತ ಅನೇಕಾಂತದ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ.

ಬಸದಿಗಳ ವಿಶ್ವಸ್ತ ಮಂಡಳಿಗಳು ಈ ವಿಷಯದಲ್ಲಿ ಭಾಷಣಕ್ಕಿಂತ ಠರಾವು ಮಾಡುವುದು ಮೇಲು. ಪ್ರತಿಯೊಂದು ಮಂಡಳಿ ತನ್ನ ಬಸದಿಗೆ ಅತ್ಯಂತ ಸಮೀಪದ ಒಂದೇ ಒಂದು ಸರಕಾರಿ ಶಾಲೆಯನ್ನು ಆರಿಸಿಕೊಳ್ಳಲಿ. ಹತ್ತು ಶಾಲೆಗಳ ಪಟ್ಟಿ ಬೇಡ. ವಾರಕ್ಕೆ ಒಂದು ಗಂಟೆ, ಶಾಲೆ ನಡೆಯುವ ವರ್ಷವಿಡೀ, ತಪ್ಪದೆ ಬರಬಲ್ಲ ಕನಿಷ್ಠ ನಾಲ್ವರನ್ನು, ಅವರಲ್ಲಿ ಇಬ್ಬರು ಮಹಿಳೆಯರಿರುವಂತೆ, ಗೊತ್ತುಮಾಡಲಿ. ದೂರದಿಂದ ಬರುವವರಿಗೆ ಬಸ್ಸಿನ ಖರ್ಚು, ಮಕ್ಕಳಿಗೆ ದೊಡ್ಡ ಅಕ್ಷರದ ಕತೆ ಪುಸ್ತಕಗಳು, ಇಷ್ಟಕ್ಕೆ ಮುಂಗಡಪತ್ರದಲ್ಲಿ ಹಣವಿಡಲಿ. ಅಭಿಷೇಕದ ಕಲಶಗಳ ಸವಾಲಿನಲ್ಲಿ ಕೂಡಿದ ಮೊತ್ತದ ಅಲ್ಪಾಂಶವೂ ಇದಕ್ಕೆ ಹೆಚ್ಚಾದೀತು. ವಾರ್ಷಿಕ ವರದಿಯಲ್ಲಿ ಕೊಟ್ಟ ರೂಪಾಯಿಗಳ ಪಕ್ಕದಲ್ಲಿ ಕೊಟ್ಟ ಗಂಟೆಗಳನ್ನೂ ಮುದ್ರಿಸಲಿ. ಜೂನ್‌ನಲ್ಲಿ ಎಷ್ಟು ಮಕ್ಕಳು ಒಂದು ಪುಟವನ್ನು ತಡೆಯದೆ ಓದುತ್ತಿದ್ದರು, ಮಾರ್ಚಿನಲ್ಲಿ ಎಷ್ಟು ಮಂದಿ ಓದಿದರು ಎಂಬುದನ್ನು ಶಿಕ್ಷಕರಿಂದ ಕೇಳಿ ಬರೆಯಲಿ. ಆ ಸಂಖ್ಯೆ ಚಿಕ್ಕದಾಗಿದ್ದರೆ ಚಿಕ್ಕದೆಂದೇ ಬರೆಯಲಿ.

ಉತ್ತಮ ತ್ಯಾಗದ ದಿನ ಈ ಠರಾವನ್ನು ಓದಿ ಅಂಗೀಕರಿಸುವುದು ಸೂಕ್ತ. ಅಂದು ಪ್ರವಚನ ಮುಗಿದ ಮೇಲೆ ಧನವನ್ನು ಸಾರುವವರ ಹೆಸರಿನ ಜೊತೆಗೆ ವೇಳೆಯನ್ನು ಸಾರುವವರ ಹೆಸರನ್ನೂ ಕೇಳಬೇಕು. ಮೊದಲ ವರ್ಷ ಏಳುವ ಕೈಗಳು ಕೆಲವೇ ಇರಬಹುದು. ಆ ಕೆಲವರು ಮುಂದಿನ ಸೋಮವಾರ ಶಾಲೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಪುಸ್ತಕ ತೆರೆದು ಸುಮ್ಮನೆ ಕೂತ ಮಗುವಿನ ಪಕ್ಕದಲ್ಲಿ ಕೂಡಲಿ. ಶಾಸ್ತ್ರದಾನ ಅಲ್ಲಿಂದ ಆರಂಭವಾಗುತ್ತದೆ.